ಅಟ್ಟದ ಮೇಲಿನ ವಾಸನೆ

ಈ ಲೇಖನದಲ್ಲಿ ‘ನಾವು’ ಅಂದ್ರೆ ನಾವಿಬ್ಬರು, ಅಕ್ಕ-ತಂಗಿಯರ ಮಕ್ಕಳು. ಇಬ್ರೂ ಸೆಕೆಂಡ್ ಇಯರ್, ಇಬ್ರೂ ಇಂಗ್ಲಿಷ್ ಮೀಡಿಯಂ, ಇಬ್ಬರ ಒತ್ತಕ್ಷರವೂ ಅಷ್ಟಕ್ಕಷ್ಟೇ. ಬಾಟಲಿ ತಂದವನು ಯಾರು, ಬೇಡ ಅಂದವನು ಯಾರು ಅಂತ ಬಿಡಿಸಿ ಬರೆಯೋದಿಲ್ಲ. ಈ ಮ್ಯಾಗಜೀನ್ ನಮ್ಮ ಅಮ್ಮಂದಿರೂ ಓದ್ತಾರೆ.

ಶುರುವಾಗಿದ್ದು ವಿಡಿಯೋಗಳಿಂದ. ಇಂಟರ್ನಲ್ಸ್ ಮುಂದಿಟ್ಕೊಂಡು ರಾತ್ರಿಯೆಲ್ಲ ವಿಸ್ಕಿ ಟೇಸ್ಟಿಂಗ್ ನೋಡ್ತಿದ್ವಿ. ಆ ಕೆಲಸದಲ್ಲಿ ಕುಡಿಯೋದಕ್ಕಿಂತ ಮೂಸೋದೇ ಜಾಸ್ತಿ ಅಂತ ಗೊತ್ತಾಗಿದ್ದು ಆಗಲೇ. ಬ್ಲೆಂಡರ್‌ಗಳು ನೀರು ಬೆರೆಸಿ ಆಲ್ಕೋಹಾಲನ್ನ ಸುಮಾರು 20%ಗೆ ಇಳಿಸಿ ಮೂಸ್ತಾರೆ, ಇಲ್ಲದಿದ್ರೆ ಘಾಟಿಗೆ ಬೇರೆ ಯಾವ ವಾಸನೆಯೂ ತಿಳಿಯಲ್ಲ. ಬಾಳೆಹಣ್ಣಿನ ವಾಸನೆ ಬಂದ್ರೆ ಐಸೋಅಮೈಲ್ ಅಸಿಟೇಟ್, ವೆನಿಲ್ಲಾ ಬಂದ್ರೆ ಓಕ್ ಮರದಿಂದ ಇಳಿದ ವೆನಿಲಿನ್, ಹೊಗೆ ಬಂದ್ರೆ ಫಿನಾಲ್. ಫಸ್ಟ್ ಇಯರ್ ಕೆಮಿಸ್ಟ್ರಿಯನ್ನ ಹೀಗೆ ಹೇಳಿಕೊಟ್ಟಿದ್ರೆ ನಮ್ಮ ಮಾರ್ಕ್ಸೇ ಬೇರೆ ಇರ್ತಿತ್ತು.

ನಮ್ಮ ಬೆಂಗಳೂರಿನ ಅಮೃತ್ ಕಂಪನಿ 2004ರಲ್ಲಿ ತನ್ನ ಸಿಂಗಲ್ ಮಾಲ್ಟನ್ನ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲೇ ಬಿಡುಗಡೆ ಮಾಡ್ತಂತೆ. ಜಿಮ್ ಮರ್ರೆ ತನ್ನ 2010ರ ‘ವಿಸ್ಕಿ ಬೈಬಲ್’ನಲ್ಲಿ ಅಮೃತ್ ಫ್ಯೂಷನ್‌ಗೆ 97 ಅಂಕ ಕೊಟ್ಟು ಜಗತ್ತಿನಲ್ಲೇ ಮೂರನೇ ಸ್ಥಾನದಲ್ಲಿಟ್ಟ. ನಮಗೆ ಇಷ್ಟವಾಗಿದ್ದು ಇನ್ನೊಂದು ಲೆಕ್ಕ. ಪೀಪಾಯಿಯಲ್ಲಿಟ್ಟ ವಿಸ್ಕಿ ಆವಿಯಾಗಿ ಹೋಗೋದಕ್ಕೆ ‘ದೇವತೆಗಳ ಪಾಲು’ ಅಂತಾರೆ. ಸ್ಕಾಟ್ಲೆಂಡಲ್ಲಿ ವರ್ಷಕ್ಕೆ ಸುಮಾರು 2%, ಬೆಂಗಳೂರಲ್ಲಿ 10%ಕ್ಕೂ ಮೇಲೆ. ಐದು ವರ್ಷಕ್ಕೆ ಅಲ್ಲಿ ನೂರರಲ್ಲಿ ತೊಂಬತ್ತು ಲೀಟರ್ ಉಳಿದ್ರೆ ಇಲ್ಲಿ ಐವತ್ತೊಂಬತ್ತು. ನಮ್ಮ ದೇವತೆಗಳಿಗೆ ಬಾಯಾರಿಕೆ ಜಾಸ್ತಿ.

ದಸರಾ ರಜಕ್ಕೆ ಅರಸೀಕೆರೆಯಲ್ಲಿ ರೈಲು ಇಳಿದು ಬಾಣಾವರದ ಅಜ್ಜಿ ಮನೆಗೆ ಬಸ್ಸು ಹತ್ತಿದಾಗ ನಮ್ಮ ಬ್ಯಾಗಲ್ಲಿ ಕೆಮ್ಮಿನ ಸಿರಪ್ ಬಾಟಲಿಯೊಳಗೆ 30 ಎಂ.ಎಲ್. ಸಿಂಗಲ್ ಮಾಲ್ಟ್ ಇತ್ತು. ಸೀನಿಯರ್ ಒಬ್ಬರ ಕೃಪೆ.

ಜಾಗ ಅಟ್ಟ. ನಮ್ಮ ಕಡೆಯವರಿಗೆ ಅಟ್ಟ ಅಂದ್ರೇನು ಅಂತ ಹೇಳಬೇಕಿಲ್ಲ. ಸುಲಿಯದ ತೆಂಗಿನಕಾಯನ್ನ ಅಲ್ಲಿ ಗುಡ್ಡೆ ಹಾಕಿ ಹತ್ತು-ಹನ್ನೆರಡು ತಿಂಗಳು ಬಿಡ್ತಾರೆ. ಒಳಗಿನ ನೀರು ತಾನೇ ಆರಿ, ತಿರುಳು ಚಿಪ್ಪು ಬಿಟ್ಟು ಉಂಡೆ ಕೊಬ್ಬರಿ ಆಗುತ್ತೆ. ಅಜ್ಜಿ ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿ ಆಯ್ತು, ಆಗಿಲ್ಲ ಅಂತ ಹೇಳ್ತಾಳೆ. ಒಡೆದ ಮೇಲೆ ಮೂಸಿ, ಕಮಟು ಇದ್ರೆ ಪಕ್ಕಕ್ಕೆ. ಇದೂ ಏಜಿಂಗ್, ಇದೂ ಟೇಸ್ಟಿಂಗ್ ಅಂತ ನಾವು ಏಣಿ ಹತ್ತುತ್ತಾ ದೊಡ್ಡದಾಗಿ ಮಾತಾಡಿಕೊಂಡ್ವಿ.

46% ಇರೋದನ್ನ 20%ಗೆ ಇಳಿಸೋಕೆ 30ಕ್ಕೆ 39 ಎಂ.ಎಲ್. ನೀರು. ಸ್ಟೀಲ್ ಲೋಟದಲ್ಲೇ ಬೆರೆಸಿದ್ವಿ. ಮೂಸಿ ಲ್ಯಾಬ್ ರೆಕಾರ್ಡ್ ಹಿಂದೆ ಬರೆದ್ವಿ: ವೆನಿಲ್ಲಾ, ಬಾಳೆಹಣ್ಣು, ಚೆರ್ರಿ. ಚೆರ್ರಿ ಸಿರಪ್ಪಿಂದು ಅಂತ ಆಮೇಲೆ ಹೊಳೀತು. ಮೂಸಿದ್ದಷ್ಟೇ ಅಂತ ಬರೆದ್ರೆ ಸುಳ್ಳಾಗುತ್ತೆ. ಒಂದೊಂದು ಗುಟುಕು.

ಕೆಳಗಿಂದ ಅಜ್ಜಿ ದನಿ ಬಂತು. “ಅದು ಪಾಕೀಟಲ್ಲ. ಬ್ರಾಂದೀನೂ ಅಲ್ಲ. ಏನ್ರೋ ಅದು?”

ಕೆಳಗೆ ಇಳಿದ್ವಿ. ಬೈತಾಳೆ ಅಂದ್ಕೊಂಡ್ವಿ, ಬೈಲಿಲ್ಲ. ಲೋಟ ಇಸ್ಕೊಂಡು ಮೂಗಿನ ಹತ್ರ ತಂದ್ಲು, ಒಂದೇ ಸಲ.

“ನಿಮ್ ತಾತ ಬಾಗ್ಲಿಗ್ ಬಂದ್ ನಿಂತ್ರೆ ಸಾಕು, ನಂಗ್ ಗೊತ್ತಾಗೋದು. ಬ್ರಾಂದಿ ವಾಸ್ನೆ ಅಂದ್ರೆ ಕೊಬ್ರಿ ದುಡ್ಡು ಬಂದೈತೆ, ಇನ್ನೂ ಸ್ವಲ್ಪ ಜೇಬಲ್ಲೈತೆ. ಪಾಕೀಟು ಅಂದ್ರೆ ಸಾಲ. ಎರಡೂ ಸೇರಿದ್ರೆ ನಿಮ್ಮಮ್ಮಂದ್ರನ್ನ ಪಕ್ಕದ್ಮನೆಗೆ ಕಳಿಸ್ಬಿಡ್ತಿದ್ದೆ.”

2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತಾಗ ನಾವಿನ್ನೂ ತೊಟ್ಟಿಲಲ್ಲಿದ್ವಿ. ಊರ ಹೆಂಗಸರೆಲ್ಲ ಹಬ್ಬ ಮಾಡಿದ್ರಂತೆ. ತಾತ ಒಂದು ವಾರ ಬಿಟ್ರಂತೆ. “ಆಮೇಲೆ ಬೇರೆ ವಾಸ್ನೆ ಸುರುವಾಯ್ತು” ಅಂದ್ಲು ಅಜ್ಜಿ.

ತಾತ ಹೋದಾಗ ನಾವು ಎರಡನೇ ಕ್ಲಾಸು. ಹೊಟ್ಟೇಲಿ ನೀರು ತುಂಬಿತ್ತು ಅಂತ ದೊಡ್ಡೋರು ಮಾತಾಡ್ತಿದ್ರು. ಎಳನೀರು ಜಾಸ್ತಿ ಕುಡಿದಿರಬೇಕು ಅಂತ ನಾವು ತುಂಬಾ ದಿನ ನಂಬಿದ್ವಿ. ಮನೇಲಿ ಯಾರೂ ತಿದ್ದಲಿಲ್ಲ.

“ಚೆನ್ನಾಗಿಲ್ವಾ ಅಜ್ಜಿ?” ಅಂತ ಕೇಳಿದ್ವಿ. ಯಾಕೆ ಹಾಗೆ ಕೇಳಿದ್ವೋ ಗೊತ್ತಿಲ್ಲ.

“ಚೆನ್ನಾಗೇ ಐತೆ. ಇಂಥಾ ಒಳ್ಳೇ ವಾಸ್ನೆ ನಿಮ್ ತಾತನತ್ರ ಯಾವತ್ತೂ ಬಂದಿರ್ಲಿಲ್ಲ” ಅಂದ್ಲು. ಲೋಟವನ್ನ ಬಚ್ಚಲಿಗೆ ಸುರಿದು, ಹುಣಸೇಹಣ್ಣು ಹಾಕಿ ಎರಡು ಸಲ ತಿಕ್ಕಿದ್ಲು. ಅಮ್ಮಂದಿರಿಗೆ ಹೇಳಲಿಲ್ಲ. ಮಾರನೇ ದಿನ ಅಟ್ಟದ ಕಾಯನ್ನೆಲ್ಲ ನಮ್ಮ ಕೈಲೇ ಇಳಿಸಿದ್ಲು.

ಅದಾದ ಮೇಲೆ ಮೂರು ಸಲ ಬಾಣಾವರಕ್ಕೆ ಹೋಗಿದ್ದೀವಿ. ಮೊದಲೆಲ್ಲ ಅಜ್ಜಿ ಒಳಗಿಂದಲೇ “ಬಂದ್ರಾ, ಕಾಲ್ ತೊಳ್ಕೊಳ್ಳಿ” ಅಂತಿದ್ಲು. ಈಗ ಬಾಗಿಲಿಗೇ ಬಂದು ಒಬ್ಬೊಬ್ಬರನ್ನೇ ತಬ್ಬಿಕೊಳ್ತಾಳೆ. ನಾವು ಬಾಯಿ ಬಿಟ್ಟು ಉಸಿರಾಡ್ತೀವಿ.