ಸುಣ್ಣದ ಡಬ್ಬಿ

ನಮ್ಮ ಯಜಮಾನರ ಮೊದಲ ವರ್ಷದ ತಿಥಿ ಮುಗಿಸಿ, ಮಧುಗಿರಿಯ ಮನೆಗೆ ಬೀಗ ಹಾಕಿ, ಮಗಳ ಜೊತೆ ಬೆಂಗಳೂರಿನ ಬಸ್ಸು ಹತ್ತಿದೆ. ನಾಲ್ಕು ದಿನ ಕಳೆದಿರಲಿಲ್ಲ, "ಅಮ್ಮಾ, ನಮ್ಮ ರಸ್ತೆಯ ಮೂಲೆಗೆ ಹೊಸ ಮೆಕ್ಸಿಕೋ ಹೋಟೆಲು ಬಂದಿದೆ, ಏಳು" ಎಂದು ಹೊರಡಿಸಿಯೇಬಿಟ್ಟಳು. ಬೆಂಗಳೂರಿಗೆ ಇದೇನೂ ಹೊಸದಲ್ಲವಂತೆ. ಟಾಕೋ ಬೆಲ್‌ನವರು ಇಂಡಿಯಾದಲ್ಲಿ ಮೊದಲ ಅಂಗಡಿ ತೆರೆದದ್ದೇ ಇಲ್ಲಿ, 2010ರಲ್ಲಿ, ಮಲ್ಲೇಶ್ವರದ ಮಂತ್ರಿ ಮಾಲಿನಲ್ಲಿ. ನನಗೆ ಹೋಟೆಲು ಎಂದರೆ ಮಸಾಲೆದೋಸೆ. ಅದೂ ಒಂದು ವರ್ಷದಿಂದ ಇಲ್ಲ. ಗಂಡ ಹೋದವಳು ಹೋಟೆಲಿನಲ್ಲಿ ಕೂತು ತಿನ್ನುವುದು ನೋಡಿದವರ ಕಣ್ಣಿಗೆ ಹೇಗಿರುತ್ತದೆ, ನಿಮಗೆ ಗೊತ್ತಲ್ಲ.

ಅಲ್ಲಿ ಕೂತ ಕಡೆ ಯಾರೂ ಬಂದು ಕೇಳುವುದಿಲ್ಲ. ನಾವೇ ಸಾಲಿನಲ್ಲಿ ನಿಲ್ಲಬೇಕು, ನಮ್ಮ ಶಾಲೆಯ ಬಿಸಿಯೂಟದ ಹಾಗೆ. ಟೋಪಿ ಹಾಕಿದ ಹುಡುಗ ಒಂದೊಂದು ಪಾತ್ರೆ ತೋರಿಸಿ "ಇದು ಬೇಕಾ ಆಂಟಿ?" ಎನ್ನುತ್ತಾನೆ. ನೋಡಿದರೆ ಎಲ್ಲ ಗೊತ್ತಿದ್ದದ್ದೇ! ಬೇಯಿಸಿದ ರಾಜ್ಮಾ. ಹೆಚ್ಚಿದ ಟೊಮ್ಯಾಟೊ, ಹಸಿಮೆಣಸಿನಕಾಯಿ, ಈರುಳ್ಳಿ, ಕೊತ್ತಂಬರಿ ಕಲೆಸಿ ನಿಂಬೆಹುಳಿ ಹಿಂಡಿದ್ದಕ್ಕೆ ಸಾಲ್ಸಾ ಎಂದು ಹೆಸರು, ನಮ್ಮ ಹಸಿಗೊಜ್ಜು. ಗ್ವಾಕಮೋಲೆ ಎಂದರೆ ಬೆಣ್ಣೆಹಣ್ಣಿನ ಚಟ್ನಿ. ಬೆಲೆ ಮಾತ್ರ ಚಟ್ನಿಯದಲ್ಲ.

ತಟ್ಟೆ ಮುಂದಿಟ್ಟುಕೊಂಡಾಗ ತಿಥಿಯ ಅಡಿಗೆ ನೆನಪಾಯಿತು. ನಮ್ಮ ಮನೆಯಲ್ಲಿ ಅವತ್ತು ಮೆಣಸಿನಕಾಯಿ ಕೂಡದು, ಕಾಳುಮೆಣಸೇ ಆಗಬೇಕು. ಟೊಮ್ಯಾಟೊ, ಆಲೂಗೆಡ್ಡೆ, ಹುರುಳಿಕಾಯಿ ಒಳಗೆ ಬರಕೂಡದು. ಏಕೆಂದು ನಮ್ಮತ್ತೆ ಹೇಳಲಿಲ್ಲ, ನಾನು ಕೇಳಲಿಲ್ಲ. ಇಪ್ಪತ್ತೆಂಟು ವರ್ಷ 1492, ಕೊಲಂಬಸ್ ಎಂದು ಬೋರ್ಡಿನ ಮೇಲೆ ಬರೆದವಳಿಗೆ ಆಗ ಹೊಳೆಯಿತು, ಇವೆಲ್ಲ ಆ ಅಮೆರಿಕದ ಕಡೆಯಿಂದ ಬಂದವೇ! ಮೆಣಸಿನಕಾಯಿ ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರ ಹಡಗಿನಲ್ಲಿ ಬಂದು, ನಮ್ಮ ಮೆಣಸಿನ ಹೆಸರನ್ನೇ ಹೊತ್ತುಕೊಂಡು ಮನೆಯವಳಂತೆ ಕೂತಿತು. ಪಿತೃಗಳ ಎಲೆಗೆ ಮಾತ್ರ ಇನ್ನೂ ಪ್ರವೇಶವಿಲ್ಲ. ನಮ್ಮವರೋ, ಹಸಿಮೆಣಸಿನಕಾಯಿ ಕಚ್ಚಿಕೊಳ್ಳದೆ ಮುದ್ದೆ ನುಂಗಿದವರಲ್ಲ. ಅವರ ಹೆಸರಿನ ಎಲೆಗೆ ನಾನೇ ಸಪ್ಪೆ ಬಡಿಸಿ ಬಂದಿದ್ದೆ.

ಮುಸುಕಿನ ಜೋಳದ ತೆಳು ರೊಟ್ಟಿ, ಟೋರ್ತಿಯಾ ಅಂತೆ, ಮುರಿದು ಬಾಯಿಗಿಟ್ಟೆ. ಯಾವುದೋ ಪರಿಚಯದ ವಾಸನೆ. ಮಗಳು ಮೊಬೈಲು ನೋಡಿ ಹೇಳಿದಳು: ಮೆಕ್ಸಿಕೋದ ಹೆಂಗಸರು ಹಿಂದಿನಿಂದಲೂ ಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ರಾತ್ರಿಯಿಡೀ ನೆನೆಯಲು ಬಿಟ್ಟು, ಸಿಪ್ಪೆ ತೊಳೆದು ರುಬ್ಬುತ್ತಾರೆ. ಸುಣ್ಣ ತಾಗಿದರೇ ಆ ಕಾಳಿನ ನಯಾಸಿನ್ ಸತ್ವ ಮೈಗೆ ಹತ್ತುವುದು. ಯೂರೋಪಿನವರು ಜೋಳ ಒಯ್ದರು, ಸುಣ್ಣ ಬಿಟ್ಟರು. ಇಟಲಿಯ ಬಡವರು ಅದನ್ನೇ ತಿಂದು ಪೆಲಾಗ್ರ ರೋಗ ಹತ್ತಿಸಿಕೊಂಡು ನರಳಿದರು. (ಅಡಿಗೆ ಮಾಡುವವಳನ್ನು ಕೇಳದೆ ಬರೀ ದಿನಸಿ ಹೊತ್ತುಕೊಂಡು ಹೋದರೆ ಇನ್ನೇನಾದೀತು!)

ಸುಣ್ಣ ಎಂದ ಕೂಡಲೇ ವಾಸನೆ ಗುರುತು ಸಿಕ್ಕಿತು. ಊಟವಾದ ಮೇಲೆ ಎಲೆಗೆ ಸುಣ್ಣ ಸವರಿ, ಪಕ್ಕದಲ್ಲಿ ಪೇಪರು ಬಿಡಿಸಿಕೊಂಡು ಕೂರುತ್ತಿದ್ದವರ ವಾಸನೆ. "ಖಾರವಾ ಅಮ್ಮಾ?" ಎಂದಳು ಮಗಳು. ಹೂಂ ಎಂದೆ.

ಊರಿಗೆ ಬಂದು ಅವರ ಸುಣ್ಣದ ಡಬ್ಬಿ ಹುಡುಕಿದೆ. ಒಳಗೆಲ್ಲ ಗಟ್ಟಿ ಕಚ್ಚಿಕೊಂಡಿತ್ತು. ಕೆರೆದು ತೊಳೆದು, ಎಲೆ ಅಂಗಡಿಯಲ್ಲಿ ಹೊಸ ಸುಣ್ಣ ತುಂಬಿಸಿಕೊಂಡು ಬಂದೆ. ಜೋಳದ ಸಿಪ್ಪೆ ಸಲೀಸಾಗಿ ಬಿಟ್ಟಿತು. ರೊಟ್ಟಿ ಮಾತ್ರ ಹಂಚಿನ ಮೇಲೆ ನಾಲ್ಕು ಚೂರಾಯಿತು. ಚೂರುಗಳನ್ನೇ ಹಸಿಮೆಣಸಿನಕಾಯಿ ಖಾರಕ್ಕೆ ಅದ್ದಿಕೊಂಡು ತಿಂದೆ.