ಉತ್ತರ ಎಲ್ಲಿದೆ? ಸಾಲು ತೋರಿಸು!

ಪ್ರತಿ ವರ್ಷ ಜೂನ್ 7 ಬಂತೆಂದರೆ ಚೀನಾ ದೇಶಕ್ಕೆ ದೇಶವೇ ಉಸಿರು ಬಿಗಿಹಿಡಿದು ಕೂರುತ್ತದೆ. ಅಂದು ಶುರುವಾಗುವುದು 'ಗಾವ್‌ಕಾವ್', ಅಂದರೆ ವಿಶ್ವವಿದ್ಯಾಲಯಗಳ ಪ್ರವೇಶ ಪರೀಕ್ಷೆ. 2024ರಲ್ಲಿ ಇದಕ್ಕೆ ಹೆಸರು ಕೊಟ್ಟವರು 1 ಕೋಟಿ 34 ಲಕ್ಷ ಮಂದಿ! ಪರೀಕ್ಷಾ ಕೇಂದ್ರಗಳ ಸುತ್ತಮುತ್ತ ಹಾರ್ನ್ ಬಾರಿಸುವಂತಿಲ್ಲ, ಕಟ್ಟಡದ ಕೆಲಸ ನಡೆಸುವಂತಿಲ್ಲ. ಎಷ್ಟೋ ತಾಯಂದಿರು 'ಚಿಪಾವ್' ಎಂಬ ಸಾಂಪ್ರದಾಯಿಕ ನಿಲುವಂಗಿ ತೊಟ್ಟು ಗೇಟಿನ ಹೊರಗೆ ಕಾಯುತ್ತಾರೆ. ಆ ಹೆಸರಿನ ಮೊದಲ ಅಕ್ಷರಕ್ಕೆ ಬಾವುಟ ಎಂಬ ಅರ್ಥವಿದೆ. ಬಾವುಟ ಬಿಚ್ಚಿದ ಕೂಡಲೇ ಗೆಲುವು ಎಂಬ ಚೀನೀ ನುಡಿಗಟ್ಟಿನಿಂದ ಬಂದ ಶುಭಶಕುನವಿದು. ಹೆತ್ತ ಕರುಳು ಎಲ್ಲಿಯದಾದರೂ ಒಂದೇ ಅಲ್ಲವೇ?

ಎರಡನೆಯ ದಿನ ಮಧ್ಯಾಹ್ನ ಇಂಗ್ಲಿಷ್ ಪತ್ರಿಕೆ. ಬಹುತೇಕ ಪ್ರಾಂತ್ಯಗಳಲ್ಲಿ ಪರೀಕ್ಷೆಯ ಒಟ್ಟು ಅಂಕ 750. ಅದರಲ್ಲಿ ಚೀನೀ ಭಾಷೆಗೆ 150, ಗಣಿತಕ್ಕೆ 150, ಇಂಗ್ಲಿಷಿಗೂ ಅಷ್ಟೇ. ಹೆಚ್ಚಿನ ಪ್ರಾಂತ್ಯಗಳು ಬಳಸುವ ಎರಡು ಗಂಟೆಯ ಪ್ರಶ್ನೆಪತ್ರಿಕೆಯಲ್ಲಿ, ಪಠ್ಯಪುಸ್ತಕದಲ್ಲಿ ಎಂದೂ ಕಾಣದ ನಾಲ್ಕು ಗದ್ಯಭಾಗಗಳನ್ನು ಓದಿ 15 ಪ್ರಶ್ನೆಗಳಿಗೆ ಉತ್ತರ ಗುರುತಿಸಬೇಕು. ಐದನೆಯ ಗದ್ಯಭಾಗದಲ್ಲಿ ಐದು ವಾಕ್ಯಗಳ ಜಾಗ ಖಾಲಿ ಇರುತ್ತದೆ. ಕೊಟ್ಟಿರುವ ಏಳು ವಾಕ್ಯಗಳಲ್ಲಿ ಸರಿಯಾದ ಐದನ್ನು ಆರಿಸಿ ಅಲ್ಲಿ ತುಂಬಬೇಕು. ಒಂದೊಂದಕ್ಕೂ ಎರಡೂವರೆ ಅಂಕದಂತೆ ಒಟ್ಟು 50 ಅಂಕ. ಅಂದರೆ ಇಂಗ್ಲಿಷಿನ ಮೂರನೆಯ ಒಂದು ಪಾಲು, ಓದಿ ಅರ್ಥಮಾಡಿಕೊಳ್ಳುವ ಶಕ್ತಿಗೇ ಮೀಸಲು. 'ಒಂದು ಅಂಕ ಹೆಚ್ಚಾದರೆ ಸಾವಿರ ಮಂದಿ ಹಿಂದೆ ಬೀಳುತ್ತಾರೆ' ಎಂಬ ಅರ್ಥದ ಘೋಷಣೆ ಅಲ್ಲಿಯ ವಿದ್ಯಾರ್ಥಿಗಳಲ್ಲಿ ಮನೆಮಾತು. ಹಾಗಿರುವಾಗ ಎರಡೂವರೆ ಅಂಕದ ಬೆಲೆ ಎಷ್ಟೆಂದು ಯಾರಾದರೂ ಊಹಿಸಬಹುದು.

ಇಂಗ್ಲಿಷಿಗೆ ಈ ಪಟ್ಟ ಮೊದಲಿನಿಂದಲೂ ಇರಲಿಲ್ಲ. ಸಾಂಸ್ಕೃತಿಕ ಕ್ರಾಂತಿಯ ಗದ್ದಲದಲ್ಲಿ 1966ರಲ್ಲಿ ನಿಂತುಹೋದ ಪ್ರವೇಶ ಪರೀಕ್ಷೆ ಮತ್ತೆ ನಡೆದದ್ದು 1977ರ ಚಳಿಗಾಲದಲ್ಲಿ. ಹೊಲದಲ್ಲಿ, ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ತರುಣರೂ ಸೇರಿ ಸುಮಾರು 57 ಲಕ್ಷ ಮಂದಿ ಬರೆದರು. ಸೀಟು ಸಿಕ್ಕಿದ್ದು ಮೂರು ಲಕ್ಷಕ್ಕೂ ಕಡಿಮೆ ಜನರಿಗೆ. ವಿದೇಶಿ ಭಾಷೆಯ ಅಂಕವನ್ನು ಮೊದಮೊದಲು ಪೂರ್ತಿ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ವರ್ಷ ವರ್ಷವೂ ಅದರ ತೂಕ ಏರುತ್ತ ಹೋಗಿ 1983ರ ಹೊತ್ತಿಗೆ ಉಳಿದ ವಿಷಯಗಳ ಸಾಲಿಗೆ ಬಂದು ನಿಂತಿತು.

ಈ ಏರಿಕೆಯ ಬಿಸಿ ತಟ್ಟಿದ್ದು ಹಳ್ಳಿಯ ಮಕ್ಕಳಿಗೆ. ಜಿಯಾಂಗ್ಸು ಪ್ರಾಂತ್ಯದ ಹಳ್ಳಿಯ ಹುಡುಗ ಯೂ ಮಿನ್‌ಹೊಂಗ್ 1978ರಲ್ಲಿ ಪರೀಕ್ಷೆಗೆ ಕುಳಿತಾಗ ಇಂಗ್ಲಿಷಿನಲ್ಲಿ ಬಂದದ್ದು 33 ಅಂಕ. ಮರುವರ್ಷ 55. ಎರಡು ಸಲವೂ ಕಾಲೇಜಿನ ಬಾಗಿಲು ತೆರೆಯಲಿಲ್ಲ. ಛಲ ಬಿಡದ ಹುಡುಗ 1980ರಲ್ಲಿ 95 ಅಂಕ ಗಳಿಸಿ ಪೀಕಿಂಗ್ ವಿಶ್ವವಿದ್ಯಾಲಯದ ಇಂಗ್ಲಿಷ್ ವಿಭಾಗಕ್ಕೇ ಸೇರಿದ. ಮುಂದೆ ಅಲ್ಲಿಯೇ ಅಧ್ಯಾಪಕನಾಗಿ, 1993ರಲ್ಲಿ 'ನ್ಯೂ ಓರಿಯೆಂಟಲ್' ಎಂಬ ತರಬೇತಿ ಸಂಸ್ಥೆ ಕಟ್ಟಿ ದೇಶಕ್ಕೆಲ್ಲ ಹೆಸರಾದ. ಇಂಗ್ಲಿಷಿನಲ್ಲಿ ಎರಡು ಬಾರಿ ಸೋತವನೇ ಇಂಗ್ಲಿಷ್ ಕಲಿಸುವವರ ದೊರೆಯಾದ ಕಥೆ ಇದು. ಆದರೆ ಮೂರನೆಯ ಸಲಕ್ಕೆ ಕೂರುವ ಅವಕಾಶವೇ ಇಲ್ಲದೆ ಹೊಲಕ್ಕೆ ಮರಳಿದವರ ಕಥೆಯನ್ನು ಬರೆದಿಟ್ಟವರಿಲ್ಲ.

ಇಷ್ಟಕ್ಕೂ ಚೀನೀ ವಿದ್ಯಾರ್ಥಿಗೆ ಇಂಗ್ಲಿಷ್ ಓದು ಯಾಕೆ ಕಷ್ಟ? ಒಂದು ಕಾರಣ ಪದಗಳು. ಚೀನೀ ಭಾಷೆಯಲ್ಲಿ ಹೊಸ ಪದಗಳ ಅರ್ಥ ಅನೇಕ ಸಲ ಅದರ ಅಕ್ಷರಗಳಲ್ಲೇ ಇರುತ್ತದೆ. ರೈಲಿಗೆ 'ಬೆಂಕಿ ಗಾಡಿ', ಕಂಪ್ಯೂಟರಿಗೆ 'ವಿದ್ಯುತ್ ಮಿದುಳು' ಎಂದು ಬರೆಯುತ್ತಾರೆ. ಗಿಡಗಳು ಬಿಸಿಲಿನಿಂದ ಆಹಾರ ತಯಾರಿಸುವ ದ್ಯುತಿಸಂಶ್ಲೇಷಣೆಗೆ ಅವರ ಹೆಸರು 'ಬೆಳಕು ಕೂಡಿಸುವ ಕ್ರಿಯೆ'. ಹಳ್ಳಿಯ ಶಾಲೆಯ ಹುಡುಗನೂ ಅಕ್ಷರ ಓದಿದೊಡನೆ ಅರ್ಥದ ಹತ್ತಿರ ಬಂದಿರುತ್ತಾನೆ. ಇಂಗ್ಲಿಷಿನ 'ಫೋಟೋಸಿಂಥೆಸಿಸ್' ಅವನಿಗೆ ಅಂಥ ಸುಳಿವನ್ನೇನೂ ಕೊಡುವುದಿಲ್ಲ. ಹೀಗಾಗಿ ಅವನು ಸುಮಾರು 3500 ಪದಗಳನ್ನು ಒಂದೊಂದಾಗಿ ಬಾಯಿಪಾಠ ಮಾಡಬೇಕು. ಅಕಾರಾದಿಯಲ್ಲಿ ಜೋಡಿಸಿದ ಪದಪುಸ್ತಕಗಳ ಮೊದಲ ಪುಟದಲ್ಲೇ ಬರುವ ಪದ 'ಅಬ್ಯಾಂಡನ್', ಎಂದರೆ 'ಕೈಬಿಡು'. ಅನೇಕರು ಆ ಪದ ಕಲಿತು, ಅದರ ಅರ್ಥದಂತೆಯೇ ನಡೆದು, ಪುಸ್ತಕ ಮುಚ್ಚಿಡುತ್ತಾರೆಂಬುದು ಅಲ್ಲಿಯ ವಿದ್ಯಾರ್ಥಿಗಳ ಹಳೆಯ ನಗೆಮಾತು!

ಎರಡನೆಯ ಕಾರಣ ವಾಕ್ಯದ ಕಟ್ಟು. ಇದು ಕನ್ನಡ ಮಕ್ಕಳಿಗೂ ಚೆನ್ನಾಗಿ ಗೊತ್ತಿರುವ ತೊಡಕು. 'ಪ್ರವಾಹದಲ್ಲಿ ಮನೆ ಕಳೆದುಕೊಂಡ ಹಳ್ಳಿಗರು ಕಟ್ಟಿದ ಸೇತುವೆ' ಎಂದು ಕನ್ನಡ ಹೇಳುತ್ತದೆ. ವಿವರವೆಲ್ಲ ಮೊದಲು, ಸೇತುವೆ ಕೊನೆಗೆ. ಚೀನೀ ಭಾಷೆಯಲ್ಲೂ ಹಾಗೆಯೇ, ವಿವರಣೆ ಮುಂದೆ, ಹೆಸರು ಹಿಂದೆ. ಇಂಗ್ಲಿಷ್ ಮಾತ್ರ ಮೊದಲು ಸೇತುವೆಯನ್ನು ನಿಲ್ಲಿಸಿ, ಆಮೇಲೆ ಅದನ್ನು ಕಟ್ಟಿದವರು ಯಾರು, ಅವರು ಏನು ಕಳೆದುಕೊಂಡಿದ್ದರು ಎಂದು ಬಾಲದಂತೆ ಸೇರಿಸುತ್ತ ಹೋಗುತ್ತದೆ. ಬಾಲ ಮುಗಿಯುವ ಹೊತ್ತಿಗೆ ಸೇತುವೆಗೆ ಸೇರಬೇಕಾದ ಕ್ರಿಯಾಪದ ಯಾವುದೆಂದು ಓದುಗ ಮರೆತಿರುತ್ತಾನೆ. ಎಲ್ಲ ಪದಗಳೂ ಗೊತ್ತು, ಅರ್ಥ ಮಾತ್ರ ಆಗಲಿಲ್ಲ ಎಂದು ಮಕ್ಕಳು ಹೇಳುವುದು ಸುಳ್ಳಲ್ಲ.

ಕಷ್ಟ ಇದ್ದಲ್ಲಿ ಅಡ್ಡದಾರಿಗಳೂ ಹುಟ್ಟುತ್ತವೆ. ಮೂರು ಉತ್ತರ ಉದ್ದವಾಗಿ ಒಂದು ಚಿಕ್ಕದಾಗಿದ್ದರೆ ಚಿಕ್ಕದಕ್ಕೆ ಗುರುತು ಹಾಕು, ಮೂರು ಚಿಕ್ಕದಾಗಿ ಒಂದು ಉದ್ದವಾಗಿದ್ದರೆ ಉದ್ದದ್ದಕ್ಕೆ ಹಾಕು ಎನ್ನುವ ಪ್ರಾಸಬದ್ಧ ಸೂತ್ರ ಚೀನಾದ ಮಕ್ಕಳ ನಾಲಿಗೆಯ ಮೇಲಿದೆ. 'ಎಲ್ಲ', 'ಎಂದಿಗೂ ಇಲ್ಲ' ಎಂಬ ಖಂಡಿತದ ಮಾತಿರುವ ಉತ್ತರವನ್ನು ನಂಬಬೇಡ ಎನ್ನುವುದು ಇನ್ನೊಂದು. ಮೊದಲು ಪ್ರಶ್ನೆ ಓದು, ಆಮೇಲೆ ಗದ್ಯ ಓದು. ಪ್ರತಿ ಪ್ಯಾರಾದ ಮೊದಲ ವಾಕ್ಯ ನೋಡು. 'ಆದರೆ' ಎಂಬ ಪದ ಕಂಡಲ್ಲಿ ನಿಲ್ಲು. ಇವುಗಳಲ್ಲಿ ಕೆಲವು ಒಳ್ಳೆಯ ಸಲಹೆಗಳೇ. ಆದರೆ ಪ್ರಶ್ನೆಪತ್ರಿಕೆ ತಯಾರಿಸುವವರೂ ಈ ಸೂತ್ರಗಳನ್ನು ಬಲ್ಲವರೇ ಅಲ್ಲವೇ? ಕಳ್ಳ ಚಾಪೆ ಕೆಳಗೆ ತೂರಿದರೆ ಪರೀಕ್ಷಕ ರಂಗೋಲಿ ಕೆಳಗೆ ತೂರುತ್ತಾನೆ.

ಒಂದು ಉದಾಹರಣೆ ನೋಡಿ. ಗದ್ಯಭಾಗ ಹೀಗಿದೆ ಎಂದಿಟ್ಟುಕೊಳ್ಳೋಣ: 'ಆ ವರ್ಷ ವಸಂತದಲ್ಲಿ ಚಳಿ ಹೆಚ್ಚಾಗಿತ್ತು. ಸೇಬಿನ ಮರಗಳು ಎಂದಿನಂತೆ ಹೂ ಬಿಟ್ಟವು. ಜೇನುನೊಣಗಳು ಮಾತ್ರ ಗೂಡು ಬಿಟ್ಟು ಹೆಚ್ಚು ಹೊರಬರಲಿಲ್ಲ. ರೈತರಿಗೆ ಅರ್ಧ ಬೆಳೆಯೂ ಕೈಗೆ ಬರಲಿಲ್ಲ.' ಬೆಳೆ ಯಾಕೆ ಕಡಿಮೆಯಾಯಿತು ಎಂಬುದು ಪ್ರಶ್ನೆ. ಚಳಿಗೆ ಹೂಗಳು ಉದುರಿದವು ಎಂಬುದು ಒಂದು ಉತ್ತರ, ಪರಾಗಸ್ಪರ್ಶ ಸರಿಯಾಗಿ ಆಗಲಿಲ್ಲ ಎಂಬುದು ಇನ್ನೊಂದು. ಅವಸರದ ಹುಡುಗ ಮೊದಲನೆಯದನ್ನು ಆರಿಸುತ್ತಾನೆ. ಚಳಿಗೆ ಹೂ ಉದುರುವುದು ಲೋಕದಲ್ಲಿ ನಿಜವೇ. ಆದರೆ ಈ ಗದ್ಯದಲ್ಲಿ ನಿಜವಲ್ಲ. ಹೂಗಳು ಎಂದಿನಂತೆ ಬಿಟ್ಟವು ಎಂದು ಲೇಖಕ ಸ್ಪಷ್ಟವಾಗಿ ಬರೆದಿದ್ದಾನೆ. ಪರಾಗಸ್ಪರ್ಶ ಎಂಬ ಪದ ಗದ್ಯದಲ್ಲಿ ಇಲ್ಲದಿದ್ದರೂ ಜೇನುನೊಣಗಳ ಸಾಲು ಅಲ್ಲಿಗೇ ಬೊಟ್ಟುಮಾಡಿ ತೋರಿಸುತ್ತದೆ. ಇಲ್ಲಿ ಬೇಕಾದದ್ದು ಇಂಗ್ಲಿಷಿಗಿಂತ ಹೆಚ್ಚಾಗಿ ತಾಳ್ಮೆ.

ಅನುಭವಿ ಚೀನೀ ಉಪಾಧ್ಯಾಯರು ಇದಕ್ಕಾಗಿಯೇ 'ಮೂಲ ಗದ್ಯಕ್ಕೆ ಹಿಂದಿರುಗು' ಎಂದು ಮತ್ತೆ ಮತ್ತೆ ಹೇಳುತ್ತಾರೆ. ಉತ್ತರ ಸರಿಯೋ ತಪ್ಪೋ ಎನ್ನುವುದಕ್ಕಿಂತ, ಅದಕ್ಕೆ ಆಧಾರವಾದ ಸಾಲು ಯಾವುದು, ಅಡಿಗೆರೆ ಎಳೆದು ತೋರಿಸು ಎನ್ನುವುದು ಅವರ ಪಟ್ಟು. ವಿದ್ಯಾರ್ಥಿಗಳು 'ತಪ್ಪುಗಳ ಪುಸ್ತಕ' ಎಂಬ ಬೇರೆಯೇ ನೋಟ್‌ಬುಕ್ ಇಡುತ್ತಾರೆ. ತಪ್ಪಾದ ಪ್ರಶ್ನೆ, ಸರಿಯುತ್ತರ, ತಪ್ಪು ಯಾಕೆ ಆಯಿತು ಎಂಬ ಕಾರಣ, ಮೂರನ್ನೂ ಅದರಲ್ಲಿ ಬರೆಯಬೇಕು. ಪದ ಗೊತ್ತಿರಲಿಲ್ಲವೇ? ವಾಕ್ಯದ ಬಾಲದಲ್ಲಿ ಸಿಕ್ಕಿಬಿದ್ದೆನೇ? ಗದ್ಯದಲ್ಲಿ ಇಲ್ಲದ್ದನ್ನು ತಲೆಯಿಂದ ಸೇರಿಸಿದೆನೇ? ಪ್ರಯೋಗಾಲಯದಲ್ಲಿ ಕಂಡದ್ದನ್ನು ಬರೆ, ಕಾಣಬೇಕೆಂದು ಬಯಸಿದ್ದನ್ನಲ್ಲ ಎಂದು ವಿಜ್ಞಾನ ಹೇಳಿಕೊಡುವ ಪಾಠವೂ ಇದೇ ತಾನೇ?

ಹಾಗೆಂದು ಓದಿನ ಎಲ್ಲ ಅರ್ಥವೂ ನಾಲ್ಕು ಉತ್ತರಗಳೊಳಗೆ ಹಿಡಿಸುವುದಿಲ್ಲ. 2017ರಲ್ಲಿ ಝೆಜಿಯಾಂಗ್ ಪ್ರಾಂತ್ಯದ ಚೀನೀ ಭಾಷೆಯ ಪತ್ರಿಕೆಯಲ್ಲಿ ಒಂದು ಕಥೆ ಕೊಟ್ಟಿದ್ದರು. ಅದರ ಕೊನೆಯಲ್ಲಿ ಮೀನಿನ ಕಣ್ಣಿನಲ್ಲಿ ಮಿನುಗುವ ವಿಚಿತ್ರ ಬೆಳಕಿನ ಮಾತು ಬರುತ್ತದೆ. ಕಂಗೆಟ್ಟ ವಿದ್ಯಾರ್ಥಿಗಳು ಕಥೆಗಾರನನ್ನೇ ಹುಡುಕಿ ಆ ಬೆಳಕಿಗೆ ಏನರ್ಥ ಎಂದು ಕೇಳಿದರೆ, ತನಗೂ ಗೊತ್ತಿಲ್ಲ ಎಂದುಬಿಟ್ಟ! ಪರೀಕ್ಷೆ ಅಳೆಯುವುದು ಓದಿನ ಒಂದು ಅಂಗವನ್ನು ಮಾತ್ರ. ಉಳಿದದ್ದು ಅಂಕವಿಲ್ಲದ ಓದಿನಿಂದಲೇ ಬರಬೇಕು.

ಅಂಥ ಓದಿಗೆ ಬಿಡುವೆಲ್ಲಿ ಎಂಬುದೇ ಚೀನೀ ಮಕ್ಕಳ ನಿಜವಾದ ಸಂಕಟ. ಹೆಬೆಯ್ ಪ್ರಾಂತ್ಯದ ಹೆಂಗ್‌ಶುಯಿ ಪ್ರೌಢಶಾಲೆಯ ಮಕ್ಕಳು ಬೆಳಗಿನ ಓಟಕ್ಕೆ ಸಾಲಾಗಿ ನಿಂತಾಗಲೂ ಕೈಯಲ್ಲಿ ಪುಸ್ತಕ ಹಿಡಿದಿರುತ್ತಾರೆ. ಆನ್‌ಹುಯಿ ಪ್ರಾಂತ್ಯದ ಮಾವ್‌ತಾನ್‌ಚಾಂಗ್ ಎಂಬ ಪುಟ್ಟ ಊರಿಗೆ, ಮತ್ತೊಮ್ಮೆ ಪರೀಕ್ಷೆ ಕಟ್ಟುವ ಮಕ್ಕಳೊಡನೆ ತಾಯಂದಿರೂ ಬಂದು, ಬಾಡಿಗೆ ಕೋಣೆ ಹಿಡಿದು ಅಡುಗೆ ಮಾಡಿ ಬಡಿಸುತ್ತಾರೆ. 2021ರ ಜುಲೈನಲ್ಲಿ ಚೀನಾ ಸರ್ಕಾರ ಒಂಬತ್ತನೆಯ ತರಗತಿಯವರೆಗಿನ ಶಾಲಾ ವಿಷಯಗಳಿಗೆ ಲಾಭಕ್ಕಾಗಿ ಟ್ಯೂಷನ್ ನಡೆಸುವುದನ್ನು ನಿಲ್ಲಿಸಿತು. ಆದರೂ ಪರೀಕ್ಷೆಯ ಬಾಗಿಲು ಇಕ್ಕಟ್ಟಾಗಿರುವ ತನಕ ಹೆತ್ತವರ ಆತಂಕ ತಗ್ಗುವುದು ಹೇಗೆ?

ಕರ್ನಾಟಕದ ತಂದೆತಾಯಂದಿರಿಗೆ ಇದರಲ್ಲಿ ಕಲಿಯುವುದೂ ಇದೆ, ಬಿಡುವುದೂ ಇದೆ. ಮಗುವಿನ ನಿದ್ದೆ ಕದಿಯುವ ಓಟವನ್ನು ಬಿಡಬಹುದು. ತಪ್ಪುಗಳ ಪುಸ್ತಕವನ್ನು ಇಂದೇ ಆರಂಭಿಸಬಹುದು. ದಿನಕ್ಕೊಂದು ಚಿಕ್ಕ ಗದ್ಯಭಾಗ, ಹತ್ತೇ ಹತ್ತು ನಿಮಿಷ ಸಾಕು. ಇಂಗ್ಲಿಷ್ ಬಾರದ ತಾಯಿಯೂ ಇದಕ್ಕೆ ನೆರವಾಗಬಲ್ಲಳು. ಮನೆಗೆ ಬರುವ ಕನ್ನಡ ಪತ್ರಿಕೆಯ ಒಂದು ಸುದ್ದಿಯನ್ನು ಮಗುವಿನಿಂದ ಓದಿಸಿ, ಒಂದು ಪ್ರಶ್ನೆ ಕೇಳಿ, 'ಹೌದಾ ಮಗಾ? ಎಲ್ಲಿ ಬರೆದಿದ್ದಾರೆ, ಸಾಲು ತೋರಿಸು' ಎಂದರಾಯಿತು. ಆ ಸಾಲಿನ ಮೇಲೆ ಬೆರಳಿಡುವ ಅಭ್ಯಾಸ ಒಮ್ಮೆ ಕೈಗೆ ಬಂದರೆ, ಅದು ಯಾವ ಭಾಷೆಯ ಗದ್ಯಕ್ಕಾದರೂ ಆದೀತು, ಯಾವ ಪರೀಕ್ಷೆಗಾದರೂ ಒದಗೀತು.