ಮುಳ್ಳಿನ ಮಾತು

ನಮ್ಮ ಹೆಂಗಸರ ಬದುಕಿಗೆ ಮುಳ್ಳುಗಳು ಹೊಸತಲ್ಲ. ಗಡಿಯಾರದ ಮುಳ್ಳು ನೋಡಿ ಅನ್ನಕ್ಕಿಡುತ್ತೇವೆ, ತಕ್ಕಡಿಯ ಮುಳ್ಳು ನೋಡಿ ದುಡ್ಡು ಕೊಡುತ್ತೇವೆ, ಬಿ.ಪಿ. ಮೀಟರಿನ ಮುಳ್ಳು ನೋಡಿದ ಡಾಕ್ಟರು ಹೇಳಿದರೆಂದು ಉಪ್ಪಿನಕಾಯಿ ಬಿಡುತ್ತೇವೆ. ಆದರೆ ಒಂದು ಬೋಟಿನ ಮುಳ್ಳಿಗಾಗಿ ಮನೆಮಂದಿಯೆಲ್ಲ ಉಸಿರು ಹಿಡಿದು ಕೂತದ್ದನ್ನು ನಾನು ಕಂಡದ್ದು 2022ರ ಜುಲೈ ಕೊನೆಯ ವಾರ, ಗಂಗೊಳ್ಳಿಯ ನನ್ನ ತವರಿನಲ್ಲಿ.

ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಬಲೆ ಹೆಣೆಯುವುದು, ಇಂಜಿನ್ ರಿಪೇರಿ ಮಾಡಿಸುವುದು ಎಲ್ಲ ಆ ರಜೆಯಲ್ಲೇ. ತಮ್ಮ ಆ ವರ್ಷ ಇಂಜಿನನ್ನು ಪೂರ್ತಿ ಬಿಚ್ಚಿಸಿ ಹೊಸ ಪಿಸ್ಟನ್, ಹೊಸ ಬೇರಿಂಗ್ ಹಾಕಿಸಿದ್ದ. ಅದಕ್ಕೆಂದು ಅವನ ಹೆಂಡತಿಯ ಬಳೆಗಳು ಸೊಸೈಟಿಯ ಕಪಾಟು ಸೇರಿದ್ದವು.

ಇಂಜಿನ್ ಸ್ಟಾರ್ಟ್ ಆಯಿತು. ಸದ್ದೂ ಚೆನ್ನಾಗಿತ್ತು. ಆದರೆ ಆಯಿಲ್ ಪ್ರೆಶರಿನ ಮುಳ್ಳು 10ರ ಹತ್ತಿರ ಕೂತದ್ದು ಅಲ್ಲಾಡಲಿಲ್ಲ. "ಮುಳ್ಳ್ ಮೇಲ್ ಹೋತೇ ಇಲ್ಲ ಅಕ್ಕ" ಎಂದ ತಮ್ಮ, ಕೂಡಲೇ ಇಂಜಿನ್ ನಿಲ್ಲಿಸಿದ. ಸಮಾಜ ಪಾಠ ಹೇಳುವ ನನಗೆ ಆ ಹತ್ತರ ಅರ್ಥವನ್ನು ಅವನೇ ಬಿಡಿಸಿದ. ಬೇರಿಂಗಿನೊಳಗೆ ತಿರುಗುವ ಕ್ರ್ಯಾಂಕು ನಿಜವಾಗಿ ತೇಲುವುದು ಎಣ್ಣೆಯ ತೆಳು ಪೊರೆಯ ಮೇಲೆ. ಎಣ್ಣೆಯ ಒತ್ತಡ ಹೋದರೆ ಲೋಹಕ್ಕೆ ಲೋಹ ತಿಕ್ಕಿ ಇಂಜಿನ್ ಕಚ್ಚಿಕೊಳ್ಳುತ್ತದೆ. ಅದೂ ನಡುಗಡಲಿನಲ್ಲಿ, ಏಳು ಜನರನ್ನು ಹೊತ್ತುಕೊಂಡು.

ಇಂಜಿನ್ ಕೂಡಿಸಿದ ಮೆಕ್ಯಾನಿಕ್ಕು "ಮತ್ತೆ ಬಿಚ್ಚಬೇಕು" ಎಂದು ಹೇಳಿ ಹೋದ. ಮತ್ತೆ ಬಿಚ್ಚಲು ಅಡವಿಡುವುದಕ್ಕೆ ಉಳಿದದ್ದು ಕರಿಮಣಿಯೊಂದೇ. ಆಗ ನಾವು ಮಾಮ ಎಂದು ಕರೆಯುವ ಹಳೆಯ ಮೇಸ್ತ್ರಿಯೊಬ್ಬರು ಬಂದರು. "ಮೊದ್ಲ್ ಮೀಟ್ರ್ ಪರೀಕ್ಷೆ ಮಾಡುವ, ಕಡೆಗೆ ಇಂಜಿನ್" ಎಂದರು.

ಕಡ್ಡಿ ಅದ್ದಿ ನೋಡಿದರು, ಎಣ್ಣೆ ಮಟ್ಟ ಸರಿಯಿತ್ತು. ಮತ್ತೆ ಇಂಜಿನ್ನಿನ ಸೆನ್ಸರ್ ಕಳಚಿ, ಅದೇ ತೂತಿಗೆ ತಮ್ಮ ಚೀಲದಲ್ಲಿದ್ದ ಹಳೇ ಮಾದರಿಯ ಮೀಟರನ್ನು ಕೂಡಿಸಿದರು. ಅದಕ್ಕೆ ಕರೆಂಟು ಬೇಡ. ಒಳಗೆ ಬಾಗಿದ ಲೋಹದ ಕೊಳವೆ. ಎಣ್ಣೆ ಒತ್ತಿದರೆ, ಜಾತ್ರೆಯ ಸುರುಳಿ ಪೀಪಿ ಊದಿದಾಗ ಬಿಚ್ಚಿಕೊಳ್ಳುವಂತೆ, ಅದೂ ಕೊಂಚ ನೆಟ್ಟಗಾಗಿ ಮುಳ್ಳನ್ನು ಎಳೆಯುತ್ತದೆ. ಫ್ರಾನ್ಸಿನ ಯೂಜೀನ್ ಬೋರ್ಡನ್ 1849ರಲ್ಲಿ ಪೇಟೆಂಟ್ ಪಡೆದ ಉಪಾಯ ಇದು.

ಮೊದಲು ಡೀಸೆಲ್ ಬಿಡದೆ ಬರೇ ಸ್ಟಾರ್ಟರಿನಿಂದ ತಿರುಗಿಸಿದರು. ಮುಳ್ಳು ಎದ್ದ ಮೇಲೆಯೇ ಇಂಜಿನ್ ಓಡಿಸಿದ್ದು. 60 ತೋರಿಸಿತು! ಅರ್ಧ ಗಂಟೆ ಕಾದು ಬಿಸಿಯಾದ ಮೇಲೆ ನಿಧಾನ ಓಟದಲ್ಲಿ 25ಕ್ಕಿಳಿಯಿತು. ತಮ್ಮನ ಮುಖ ಮತ್ತೆ ಬಾಡಿತು. ಮಾಮ ನಕ್ಕರು. ಕಾದ ಎಣ್ಣೆ ತೆಳ್ಳಗಾಗುತ್ತದೆ, ಒತ್ತಡ ಇಳಿಯುತ್ತದೆ. ಅಡುಗೆ ಮಾಡುವವರಿಗೆ ಇದನ್ನು ಬೇರೆ ಹೇಳಬೇಕೆ?

ತಪ್ಪು ಸೆನ್ಸರಿನ ಮರೆಯಲ್ಲಿತ್ತು. ಅದಕ್ಕೆ ಬರುವುದು ಒಂದೇ ವಯರು. ಕರೆಂಟು ಹಿಂದಿರುಗುವ ದಾರಿ ಅದರ ಮರೆಯ ಮೂಲಕ ಇಂಜಿನ್ನಿನ ಮೈಗೆ. ಎಣ್ಣೆ ಸೋರಬಾರದೆಂದು ಯಾರೋ ಬಿಳಿ ಟೇಪನ್ನು ದಪ್ಪಗೆ ಸುತ್ತಿ ಆ ದಾರಿಯನ್ನೇ ಕಟ್ಟಿದ್ದರು. ಮಾಮ ಸೆನ್ಸರನ್ನು ಹಾಗೆಯೇ ಮತ್ತೆ ಕೂಡಿಸಿ, ಅದರ ಮೈಯಿಂದ ಬ್ಯಾಟರಿಯ ನೆಗೆಟಿವಿಗೆ ಒಂದು ತುಂಡು ವಯರು ತಾಗಿಸಿದರು. ಇಂಜಿನ್ ಓಡುತ್ತಿದ್ದಂತೆ ಮುಳ್ಳು ಎದ್ದು ನಿಂತಿತು. ಟೇಪು ಕಿತ್ತು ಮರೆ ಉಜ್ಜಿ ಹಾಕಿದರು, ಕೆಲಸ ಮುಗಿಯಿತು.

"ನನ್ನ ಮೀಟ್ರೂ ಹತ್ತೇ ತೋರಿಸಿದ್ದರೆ?" ಎಂದು ತಮ್ಮ ಕೇಳಿದ್ದಕ್ಕೆ ಮಾಮ ನಗಲಿಲ್ಲ. "ಕರಿಮಣಿ ಹೋದರೂ ಸರಿ, ಬಿಚ್ಚಿಸುತ್ತಿದ್ದೆ" ಎಂದರು.

ಈ ಎರಡನೆಯ ಮಾತು ನನ್ನ ತಲೆಯಲ್ಲಿ ಉಳಿಯಿತು. ಏಕೆಂದರೆ ತಮ್ಮನ ಹೆಂಡತಿ ಎರಡು ತಿಂಗಳಿಂದ ಮೆಟ್ಟಿಲು ಹತ್ತಿದರೆ ಏದುಸಿರು ಬಿಡುತ್ತಿದ್ದಳು. ರಕ್ತ ಪರೀಕ್ಷೆಯ ಚೀಟಿಯಲ್ಲಿ ಹಿಮೋಗ್ಲೋಬಿನ್ 7.4 ಎಂದಿತ್ತು, ಹೆಂಗಸರಿಗೆ 12ಕ್ಕಿಂತ ಕಡಿಮೆಯಾದರೇ ರಕ್ತಹೀನತೆ. "ಲ್ಯಾಬಿನವರದ್ದೇ ತಪ್ಪಿರಬೇಕು ಅಕ್ಕ" ಎಂದು ಅವಳು ಚೀಟಿಯನ್ನು ಅಕ್ಕಿ ಡಬ್ಬಿಯ ಕೆಳಗಿಟ್ಟಿದ್ದಳು. ಬೋಟಿನ ಮುಳ್ಳು ಇಳಿದರೆ ಊರೇ ಓಡಿ ಬರುತ್ತದೆ. ನಮ್ಮದು ಇಳಿದರೆ ನಾವೇ ಮೀಟರು ಹಾಳೆನ್ನುತ್ತೇವೆ. ಮರುದಿನವೇ ಅವಳನ್ನು ಕುಂದಾಪುರದ ಇನ್ನೊಂದು ಲ್ಯಾಬಿಗೆ ಕರೆದೊಯ್ದೆ. ಅಲ್ಲಿಯೂ 7.4. ಅಲ್ಲಿಂದ ನೇರ ಡಾಕ್ಟರ ಬಳಿಗೆ ಹೋದೆವು.

ಆಗಸ್ಟಿನಲ್ಲಿ ಬೋಟು ಹೊರಟಿತು. ಬಳೆಗಳು ಮನೆಗೆ ಬರಲು ಮತ್ತೆ ಒಂದೂವರೆ ವರ್ಷ ಹಿಡಿಯಿತು. ಅವಳ ಲೆಕ್ಕ ದೀಪಾವಳಿಯ ಹೊತ್ತಿಗೆ 10.8ಕ್ಕೆ ಏರಿತ್ತು.